ಗೋಡೆ ಮಗ್ಗುಲಿನ ಜಾಗ

ನವಲಗುಂದದ ಆ ಓಣಿಯಲ್ಲಿ ರಹೀಮಾಬಿಯ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಓಣಿಯ ಬಾಯಲ್ಲಿ ನಿಂತು ಸುಮ್ಮನೆ ಕಿವಿ ಕೊಟ್ಟರೆ ಸಾಕು. ಮೊದಲು ಕಬ್ಬಿಣದ ಪಂಜಾ ನೂಲಿನ ಮೇಲೆ ಬೀಳುವ ಟಕ್ ಟಕ್ ಸಪ್ಪಳ ಕೇಳುತ್ತದೆ, ಅದರ ಬೆನ್ನಿಗೇ ರಹೀಮಾಬಿಯ ದನಿ. ಕಾಯಿಪಲ್ಲೆ ಗಾಡಿಯವನು ಎಂಥ ಬದನೆಕಾಯಿ ತರಬೇಕು, ನಳದ ನೀರು ಬಿಡುವವನು ಯಾವಾಗ ಬಿಡಬೇಕು, ಬಾಜೂ ಮನೆಯ ಹುಡುಗಿ ಜಡೆ ಹೇಗೆ ಹೆಣೆದುಕೊಳ್ಳಬೇಕು, ಎಲ್ಲದಕ್ಕೂ ಮಗ್ಗದ ಮುಂದೆ ಕೂತಲ್ಲಿಂದಲೇ ಅಪ್ಪಣೆಯಾಗುತ್ತದೆ. ಮನೆಮಾತು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಮಾತ್ರ ಪೂರಾ ನವಲಗುಂದದ ಕನ್ನಡ. ದಿನದಲ್ಲಿ ಹೆಚ್ಚು ಹೊತ್ತು ಕನ್ನಡವೇ ನಡೆಯುತ್ತದೆ.

ರಹೀಮಾಬಿ ಜಮಖಾನ ನೇಯುವವಳು. ವಯಸ್ಸು ಅರವತ್ತು ದಾಟಿದೆ. ಹಾಗೆಂದರೆ ಆಕೆ ಒಪ್ಪುವುದಿಲ್ಲ, ಆಧಾರ್ ಕಾರ್ಡಿನಲ್ಲಿ ತಪ್ಪು ಬರೆದಿದ್ದಾರೆ ಎನ್ನುತ್ತಾಳೆ. ಆದರೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗುವಾಗ ಅದೇ ಕಾರ್ಡನ್ನು ಕಂಡಕ್ಟರನ ಮೂಗಿನ ಮುಂದೆ ಹಿಡಿಯುತ್ತಾಳೆ. ಮನೆಯ ಒಳಖೋಲಿಯಲ್ಲಿ ಬಾಗಿಲ ಚೌಕಟ್ಟಿನ ಹಾಗೆ ನೆಟ್ಟಗೆ ನಿಂತ ಮಗ್ಗ. ಅದರ ಮುಂದೆ ಇಬ್ಬರು ಹೆಂಗಸರು ಮಗ್ಗುಲಿಗೆ ಮಗ್ಗುಲು ಕೂತು, ಬಣ್ಣದ ನೂಲನ್ನು ಬೆರಳಿನಿಂದಲೇ ತೂರಿಸಿ, ಪಂಜಾದಿಂದ ಬಡಿದು ಕೂರಿಸುತ್ತ ಹೋಗಬೇಕು. ಹಾಗೆ ನೇಯ್ದದ್ದನ್ನು ತಿರುವಿ ಹಾಕಿದರೂ ಅದೇ ನವಿಲು, ಅದೇ ಬಣ್ಣ. "ನಮ್ಮ ಜಮಖಾನಕ್ಕ ಎರಡೂ ಕಡಿ ಒಂದ ಮುಖಾ ನೋಡ್ರಿ. ಮನಷ್ಯಾರೂ ಹಿಂಗಿದ್ದರ ಎಷ್ಟ ಚೊಲೊ ಇತ್ತು," ಎಂದು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಾಳೆ. ಕೊಳ್ಳದೆ ಹೋದವರಿಗೆ ಇನ್ನೂ ಬೇರೆ ಹೇಳುತ್ತಾಳೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ನವಿಲು ನೇಯುವವರು ಊರಲ್ಲಿ ಬೇರೆಯವರೂ ಇದ್ದಾರೆ. ಆದರೆ ಈ ಮನೆಯ ನವಿಲು ಕುತ್ತಿಗೆ ತಿರುಗಿಸಿ ತನ್ನ ಬಾಲವನ್ನು ತಾನೇ ನೋಡಿಕೊಳ್ಳುತ್ತದೆ. ಆ ಕುತ್ತಿಗೆಯ ತಿರುವಿಗೆ ಯಾವ ಎಳೆ ಎಲ್ಲಿ ಬೀಳಬೇಕು ಎಂಬುದು ಮನೆಯ ಗುಟ್ಟು. ಅದನ್ನು ಮಗಳಿಗೆ ಕಲಿಸುವುದಿಲ್ಲ. ಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ಜೊತೆಗೆ ನವಿಲನ್ನೂ ಕರೆದುಕೊಂಡು ಹೋದರೆ? ಕಲಿಸುವುದೇನಿದ್ದರೂ ಸೊಸೆಗೆ. ರಹೀಮಾಬಿಯ ಮಗಳು ಅಣ್ಣಿಗೇರಿಯಲ್ಲಿ ಸಂಸಾರ ಮಾಡಿಕೊಂಡು ಸುಖವಾಗಿದ್ದಾಳೆ, ಅವಳಿಗೆ ನೂಲಿಗೆ ಗಂಟು ಹಾಕಲೂ ಬರುವುದಿಲ್ಲ.

ಗುಟ್ಟು ಎಂದ ಮೇಲೆ ಕಾವಲೂ ಬೇಕಲ್ಲ. ಖೋಲಿಗಿದ್ದ ಒಂದೇ ಒಂದು ಕಿಟಕಿ ಓಣಿಗೆ ಮುಖ ಮಾಡಿತ್ತು. ಓಣಿಯ ಆಚೆ ಬದಿಗೆ ಫಾತಿಮಾಬಿಯ ಮನೆ. ಫಾತಿಮಾಬಿ ಬೇರೆ ಯಾರೂ ಅಲ್ಲ, ರಹೀಮಾಬಿಯ ಗಂಡನ ಅಣ್ಣನ ಹೆಂಡತಿ. ಇಬ್ಬರೂ ಒಂದೇ ಅತ್ತೆಯ ಸೊಸೆಯರು. ರಹೀಮಾಬಿ ಮದುವೆಯಾಗಿ ಬರುವ ಹೊತ್ತಿಗಾಗಲೇ ಫಾತಿಮಾಬಿ ಗಂಡನನ್ನು ಎಬ್ಬಿಸಿಕೊಂಡು ಎದುರು ಮನೆಗೆ ಹೋಗಿ ಬೇರೆಯಾಗಿದ್ದಳು. "ನವಲಿನ ಕುತ್ತಿಗಿ ಕಲಿಯೂಕಿಂತ ಮೊದಲ ಮಗ್ಗಾ ಬಿಟ್ಟ ಓಡಿದಾಕಿ. ಈಗ ಕಿಡಕ್ಯಾಗಿಂದ ಹಣಿಕಿ ಹಾಕಿ ಕಲೀತಾಳ," ಎಂದು ಅತ್ತೆ ಹೊಸ ಸೊಸೆಯ ಕಿವಿಯಲ್ಲಿ ಊದಿ, ಕಿಟಕಿಗೆ ಹಲಗೆ ಬಡಿಸಿದಳು. ಮುಂದೆ ಅತ್ತೆ ಹೋದಳು, ಇಬ್ಬರ ಗಂಡಂದಿರೂ ಹೋದರು, ಹಲಗೆ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಎದುರು ಮನೆಯವಳೊಂದಿಗೆ ರಹೀಮಾಬಿಯದು ಹಬ್ಬಕ್ಕೊಂದು ಸಲಾಮು, ಅಷ್ಟೇ. ಊರಿಗೆಲ್ಲ ಮಾತು ಹಂಚುವವಳು ಅಲ್ಲಿ ಮಾತ್ರ ಬಲು ಜಿಪುಣಿ.

ಖೋಲಿಯ ಒಂದು ತುದಿಗೆ ಬಾಗಿಲು, ಇನ್ನೊಂದು ತುದಿಗೆ ಬಚ್ಚಲಿನ ಗೋಡೆ. ನವಲಗುಂದದಲ್ಲಿ ನಳದ ನೀರು ಬರುವುದು ದೂರದ ಬೀಗರು ಬಂದಂತೆ. ಬಂದಾಗ ಹಿಡಿದಿಟ್ಟುಕೊಳ್ಳದಿದ್ದರೆ ಮತ್ತೆ ದಾರಿ ಕಾಯಬೇಕು. ಅದಕ್ಕೇ ಮಗ ಮುಜಫರ್ ಬಚ್ಚಲಿನಲ್ಲಿ ಆ ಗೋಡೆಗೇ ಹೊಂದಿಸಿ ದೊಡ್ಡದೊಂದು ಸಿಮೆಂಟಿನ ಟಾಕಿ ಕಟ್ಟಿಸಿದ. ಟಾಕಿ ತುಂಬಿದ ದಿನ ರಹೀಮಾಬಿಗೆ ಹೊಟ್ಟೆ ತುಂಬಿದಷ್ಟು ಸಮಾಧಾನ. ಈಚೆ ಬದಿಯ ಗೋಡೆ ಹಸಿ ಹಿಡಿದದ್ದು ಕಂಡರೂ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮಗನ ಮದುವೆಗೆ ಬರುವ ಬೀಗರ ಕಣ್ಣಿಗೆ ಬೀಳಬಾರದೆಂದು, ಪೆಟ್ಟಿಗೆಯಲ್ಲಿದ್ದ ಅತ್ತೆಯ ಕೈಯ ಹಳೆಯ ಜಮಖಾನ ತೆಗೆದು ಅದರ ಮೇಲೆ ಮೊಳೆ ಹೊಡೆದು ತೂಗುಹಾಕಿದಳು. ಸಾಲಾಗಿ ಹಿಂದಿರುಗಿ ನೋಡುವ ನವಿಲುಗಳು. ಬೀಗರು ವಾಹ್ ಎಂದರು. ಹಸಿ ಗೋಡೆ ಕಣ್ಣಿಗೂ ಮರೆಯಾಯಿತು, ಮನಸ್ಸಿಗೂ ಮರೆಯಾಯಿತು.

ಸೊಸೆ ಶಗುಫ್ತಾ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯವಳು, ಭತ್ತ ಬೆಳೆಯುವ ಮನೆಯ ಹುಡುಗಿ. ಮಾತು ಕಡಿಮೆ, ನಗು ಜಾಸ್ತಿ. ಅತ್ತೆ ಅವಳನ್ನು ಗೋಡೆಯ ಮಗ್ಗುಲಿಗೆ ಕೂರಿಸಿದಳು. ಮೊದಲಿಂದಲೂ ಆ ಮನೆಯ ಪದ್ಧತಿ ಅದು. ಬಾಗಿಲ ಕಡೆಯ ಜಾಗ ಅತ್ತೆಯದು, ನವಿಲು ಎತ್ತಿಕೊಡುವವಳು, ಎಂದರೆ ಯಾವ ಎಳೆ ಎಲ್ಲಿಗೆಂದು ಮೊದಲು ಹಾಕಿ ತೋರಿಸುವವಳು, ಅವಳು. ಗೋಡೆ ಮಗ್ಗುಲಿನ ಜಾಗ ಸೊಸೆಯದು, ಅವಳು ಅತ್ತೆಯ ಬೆರಳು ನೋಡಿಕೊಂಡು ನೇಯಬೇಕು. ರಹೀಮಾಬಿಯೂ ಅಲ್ಲೇ ಕೂತು ಕಲಿತವಳು. ಅತ್ತೆ ಹೋದ ಮೇಲೆ ಸೊಸೆ ಬರುವತನಕ ಬಾಗಿಲ ಕಡೆ ಒಬ್ಬಳೇ ಕೂತು ಚಿಕ್ಕ ಜಮಖಾನ ನೇಯ್ದಳು, ಗೋಡೆ ಮಗ್ಗುಲು ಖಾಲಿಯಿತ್ತು. ಶಗುಫ್ತಾ ಎಷ್ಟು ಬೇಗ ಕಲಿತಳೆಂದರೆ, ಕುತ್ತಿಗೆಯ ತಿರುವನ್ನು ಒಂದು ದಿನ ಅತ್ತೆಗಿಂತ ಮೊದಲೇ ತಿರುಗಿಸಿಬಿಟ್ಟಳು. ರಹೀಮಾಬಿಗೆ ಒಳಗೊಳಗೇ ಹಿಗ್ಗು. ಬಾಯಲ್ಲಿ ಮಾತ್ರ, "ಇರ್ಲಿ, ಕೆಟ್ಟಿಲ್ಲ," ಎಂದಳು. ಹೊಗಳಿದರೆ ಸೊಸೆ ಕೆಡುತ್ತಾಳೆ ಎಂದು ಆಕೆಯ ಅತ್ತೆ ಹೇಳಿಹೋಗಿದ್ದಳು.

ಮೊದಲ ಮಳೆಗಾಲದಲ್ಲಿ ಶಗುಫ್ತಾಗೆ ಕೆಮ್ಮು ಹತ್ತಿತು. ಒಣಕೆಮ್ಮು, ಬಿಟ್ಟೂ ಬಿಡದೆ. ಮಗ್ಗದ ಮುಂದೆ ಕೂತ ಸ್ವಲ್ಪ ಹೊತ್ತಿಗೆ ಶುರುವಾಗಿ, ಎದೆಯಲ್ಲಿ ಸುಯ್ ಎಂದು ಸಣ್ಣ ಸೀಟಿ ಊದಿದ ಸಪ್ಪಳ ಬರುತ್ತಿತ್ತು. ತವರಿಗೆ ಹೋದಳು, ನಿಂತುಹೋಯಿತು. ತಿರುಗಿ ಬಂದಳು, ಮತ್ತೆ ಹತ್ತಿತು. ಮತ್ತೆ ಹೋದಳು, ನಿಂತಿತು. ಕೆಮ್ಮಿಗೂ ಬಸ್ಸಿನ ಟೈಮ್ ಗೊತ್ತಿತ್ತು ಅನ್ನಬೇಕು.

ಓಣಿಯವರಿಗೆ ಇಷ್ಟು ಸಾಲದೆ? ಮೂಲೆಯಲ್ಲಿ ಚಹಾದ ಅಂಗಡಿ ಇಟ್ಟಿರುವ ಮಲಿಕಸಾಬ ಅದಕ್ಕೆ ಹೆಸರನ್ನೂ ಇಟ್ಟ: ಅತ್ತೀ ಕೆಮ್ಮು. "ಔಷಧಾ ಬ್ಯಾಡ ಆಪಾ, ನೀವ ಒಂದ ತಿಂಗಳ ಅಣ್ಣಿಗೇರಿಗೆ ಮಗಳ ಮನಿಗೆ ಹೋಗಿ ಬರ್ರಿ, ಸೊಸಿ ಕೆಮ್ಮು ತಾನ ಹೋಗತೈತಿ," ಎಂದು ನಕ್ಕ. ರಹೀಮಾಬಿ ಅವನ ಚಹಾದ ಬಗ್ಗೆ, ಹಾಲಿನ ಬಗ್ಗೆ, ಆ ಹಾಲಿಗೆ ಅವನು ಬೆರೆಸುವ ನೀರಿನ ಬಗ್ಗೆ ಓಣಿಗೆಲ್ಲ ಕೇಳುವಂತೆ ಮಾತಾಡಿ ಬಂದಳು. ಆದರೆ ಮನೆಗೆ ಬಂದು ಕೂತ ಮೇಲೆ ಆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತಾನು ಅಷ್ಟು ಕೆಟ್ಟವಳೇ? ಕೈಯೆತ್ತಿಲ್ಲ, ಹೊಟ್ಟೆಗೆ ಕಡಿಮೆ ಮಾಡಿಲ್ಲ. ಬಾಯಿ ಸ್ವಲ್ಪ ದೊಡ್ಡದು, ಅದು ಎಲ್ಲರಿಗೂ ಒಂದೇ ಸಮ.

ಆಕೆ ಕೈಕಟ್ಟಿ ಕೂತವಳಲ್ಲ. ಹಸಿಶುಂಠಿ, ಜೇನುತುಪ್ಪ ಆಯಿತು. ಹಾಲಿಗೆ ಅರಿಶಿನ ಆಯಿತು. ದೃಷ್ಟಿಯಾಗಿದೆಯೆಂದು ಒಣಮೆಣಸಿನಕಾಯಿ ಇಳಿ ತೆಗೆದು, ಮುಚ್ಚಿದ ಖೋಲಿಯಲ್ಲೇ ಕೆಂಡಕ್ಕೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ದೃಷ್ಟಿ ಎಂದು ಲೆಕ್ಕ. ಎಂಥ ಘಾಟು ಬಂತೆಂದರೆ ಅತ್ತೆ, ಸೊಸೆ, ಮಗ ಮೂವರೂ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಓಡಿಬಂದರು. ಇಬ್ಬರ ಕೆಮ್ಮು ನಿಂತಿತು, ಶಗುಫ್ತಾಳದು ನಿಲ್ಲಲಿಲ್ಲ. ಪ್ರತಿ ಗುರುವಾರ ಲೋಬಾನದ ಹೊಗೆ ಹಾಕಿ, ಹೊಗೆ ಹೊರಗೆ ಹೋಗಿ ದಂಡವಾಗಬಾರದೆಂದು ಬಾಗಿಲನ್ನೂ ಎಳೆದುಕೊಂಡಳು. ಸೊಳ್ಳೆಗೆಂದು ಸುರುಳಿ ಬತ್ತಿ ಬೇರೆ. ಇಷ್ಟೆಲ್ಲ ಹೊಗೆಯ ನಡುವೆ ಹುಡುಗಿ ಉಸಿರಾಡಲು ಹೆಣಗುತ್ತಿದ್ದರೆ, "ಮಗ್ಗದ ಮುಂದ ಕುಂತಾಕಿಗೆ ಕೆಮ್ಮ ಇರಬೇಕವಾ. ಅದು ಮಗ್ಗದ ಕೆಮ್ಮು. ಕೆಮ್ಮಲಾರದಾಕಿ ನೇಕಾರಳ ಅಲ್ಲ," ಎಂದು ಅತ್ತೆಯಿಂದ ಕೇಳಿದ್ದನ್ನೇ ಒಪ್ಪಿಸುತ್ತಿದ್ದಳು.

ಹಬ್ಬಕ್ಕೆ ತವರಿಗೆ ಹೋದ ಶಗುಫ್ತಾ ಈ ಸಲ ತಿರುಗಿ ಬರಲಿಲ್ಲ. ಮುಜಫರ್ ಹೋಗಿ ಒಬ್ಬನೇ ಬಂದ. ಅವನು ಬಾಡಿಗೆಗೆ ಟಂಟಂ ಗಾಡಿ ಓಡಿಸುವವನು. ಊರ ಸರಕೆಲ್ಲ ಅತ್ತಿಂದಿತ್ತ ಸಾಗಿಸುತ್ತಾನೆ, ತಾಯಿಯ ಮಾತು ಹೆಂಡತಿಗೆ, ಹೆಂಡತಿಯ ಮಾತು ತಾಯಿಗೆ ಸಾಗಿಸುವುದು ಮಾತ್ರ ಅವನಿಂದಾಗದು. ಕಡೆಗೆ ರಹೀಮಾಬಿಯೇ ಫೋನು ಕಸಿದುಕೊಂಡಳು. ಆಚೆಯಿಂದ ಶಗುಫ್ತಾ ಮೆಲ್ಲಗೆ ಹೇಳಿದಳು, "ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅಮ್ಮಾ. ಆ ಮನ್ಯಾಗ ನನಗ ಉಸರ ಸಿಗೂದಿಲ್ಲ. ನಾ ಮಗ್ಗಕ್ಕ ಕುಂದರೂದಿಲ್ಲ."

ಮಗ್ಗದ ಮೇಲೆ ಜಮಖಾನ ಅರ್ಧಕ್ಕೆ ನಿಂತಿತ್ತು. ನವಿಲಿಗೆ ಮೈ ಬಂದಿತ್ತು, ಕುತ್ತಿಗೆ ಬಂದಿರಲಿಲ್ಲ. ಒಬ್ಬಳೇ ಕೂತು ಮುಗಿಸುವಂಥ ಅಗಲದ್ದಲ್ಲ ಅದು, ಮುಂದೆ ಹಿಡಿದುಕೊಂಡು ಹೋಗಲು ಇನ್ನೊಬ್ಬ ಸೊಸೆಯೂ ಇಲ್ಲ. ಆದರೆ ನಿಜ ಹೇಳಬೇಕೆಂದರೆ ರಹೀಮಾಬಿಯನ್ನು ನವಿಲಿಗಿಂತ ಹೆಚ್ಚು ಕಾಡಿದ್ದು ಮಗ್ಗುಲಿನ ಖಾಲಿ ಜಾಗ. ಎಷ್ಟು ಬೈದರೂ ನಕ್ಕು ಸುಮ್ಮನಾಗುವ ಹುಡುಗಿ ಅದು, ಆಕೆಗೆ ಅದರ ಮೇಲೆ ಜೀವವಿತ್ತು. ಬಾ ಎಂದು ಕರೆಯಬೇಕು, ಹೇಗೆ ಕರೆಯಬೇಕೋ ತಿಳಿಯದು. ಜಗಳದ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ, ಇಂಥ ಮಾತು ಎಲ್ಲಿರುತ್ತದೋ ಏನೋ.

ಮಾತಿನಲ್ಲಿ ಆಗದ್ದನ್ನು ಜಮಖಾನದಲ್ಲಿ ಹೇಳುವುದೆಂದು ನಿಶ್ಚಯಿಸಿದಳು. ಮಗ್ಗದ ಮೇಲೊಂದು ಬಲ್ಬು ಬಿಟ್ಟರೆ ಆ ಖೋಲಿಯಲ್ಲಿ ಬೆಳಕಿಲ್ಲ. ಗೋಡೆಯ ಹತ್ತಿರ ಕತ್ತಲೆಯಲ್ಲೇ ತಡಕಾಡಿ, ಮೊಳೆಯಿಂದ ಅತ್ತೆಯ ಜಮಖಾನ ಬಿಡಿಸಿಕೊಂಡು ಸುರುಳಿ ಸುತ್ತಿದಳು. ಅದಕ್ಕೊಂದು ಹಳೆಯ, ತಣ್ಣನೆಯ ವಾಸನೆ ಇತ್ತು. ಆ ಖೋಲಿಯ ವಾಸನೆ ಎಂದರೆ ಅದು ಅತ್ತೆಯ ವಾಸನೆ ಎಂದೇ ಆಕೆ ಇಷ್ಟು ವರ್ಷ ತಿಳಿದಿದ್ದಳು. ಮೇಲಿಷ್ಟು ಅತ್ತರು ಸವರಿ, ಕಂಕುಳಲ್ಲಿ ಹೊತ್ತು, ಹುಬ್ಬಳ್ಳಿಗೊಂದು ಬಸ್ಸು, ಕಲಘಟಗಿಗೊಂದು ಬಸ್ಸು, ಅಲ್ಲಿಂದ ಬಮ್ಮಿಗಟ್ಟಿಗೊಂದು ಬಸ್ಸು ಹಿಡಿದಳು. ಮೂರೂ ಕಂಡಕ್ಟರುಗಳಿಗೆ ಸೊಸೆಯ ಕಥೆ ಹೇಳಿದ್ದಾಯಿತು.

ಬಮ್ಮಿಗಟ್ಟಿಯಲ್ಲಿ ಜಿಟಿಜಿಟಿ ಮಳೆ. ಶಗುಫ್ತಾಳ ಅಪ್ಪ ಮಹಬೂಬಸಾಬ ಮಳೆಯಲ್ಲೇ ಎದ್ದು ಬಂದು ಬೀಗತಿಯನ್ನು ಒಳಗೆ ಕರೆದ. ಶಗುಫ್ತಾ ಕೆನ್ನೆ ತುಂಬಿಕೊಂಡು, ಕೆಮ್ಮಿನ ಸುಳಿವೂ ಇಲ್ಲದೆ ರೊಟ್ಟಿ ಬಡಿಯುತ್ತಿದ್ದಳು. ನೋಡಿ ರಹೀಮಾಬಿಗೆ ಸಂತೋಷವೂ ಆಯಿತು, ಮೈಯೂ ಉರಿಯಿತು. ನವಲಗುಂದದ ಒಣಹವೆಯಲ್ಲಿ ಕೆಮ್ಮುವವಳು ಈ ಮಳೆಯೂರಲ್ಲಿ ಹೇಗೆ ಗಟ್ಟಿ? ಅವಳ ಮುಂದೆ ಸುರುಳಿ ಬಿಚ್ಚಿ ಹಾಸಿದಳು.

ಶಗುಫ್ತಾ ದಂಗಾಗಿ ನಿಂತಳು. ಯಾರಿಗೂ ಮಾರದ, ಎಂದೂ ಮನೆಯ ಹೊಸಿಲು ದಾಟದ ಆ ಹಳೆಯ ನವಿಲು ತನ್ನ ತವರಿಗೆ ಬಂದಿದೆ. ಅದರ ಅರ್ಥ ಅವಳಿಗಲ್ಲದೆ ಬೇರೆ ಯಾರಿಗೆ ತಿಳಿಯಬೇಕು? "ಅಮ್ಮಾ!" ಎಂದವಳೇ ಕೂತು, ಜಮಖಾನವನ್ನು ಎರಡೂ ಕೈಯಿಂದ ಬಾಚಿ ಮುಖಕ್ಕೆ ಒತ್ತಿಕೊಂಡು ಅತ್ತಳು. ರಹೀಮಾಬಿಯ ಕಣ್ಣೂ ಒದ್ದೆಯಾಯಿತು.

ಆಗ ಕೆಮ್ಮು ಶುರುವಾಯಿತು. ಮೊದಲು ಒಂದು, ಆಮೇಲೆ ಸಾಲುಸಾಲು. ನೀರು ಕೊಟ್ಟರೂ ನಿಲ್ಲಲಿಲ್ಲ. ಎದೆಯಲ್ಲಿ ಸುಯ್ ಸುಯ್, ಮಾತು ತುಂಡುತುಂಡು. ಇಷ್ಟು ದಿನ ಚೆನ್ನಾಗಿದ್ದ ಹುಡುಗಿ ಅತ್ತೆ ಬಂದು ಕೂತ ಗಳಿಗೆಗೇ ಹೀಗಾದಳಲ್ಲ ಎಂದು ಮನೆಯವರೆಲ್ಲ ರಹೀಮಾಬಿಯ ಕಡೆ ನೋಡಿದರು. ಮಲಿಕಸಾಬನ ಮಾತು ನಿಜವೇ ಆಯಿತೇ ಎಂದು ಆಕೆಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆಯಾಯಿತು. ಮಹಬೂಬಸಾಬ ಓಡಿಹೋಗಿ ಆಟೋ ತಂದ. ಕಲಘಟಗಿಯ ದಾರಿಯುದ್ದಕ್ಕೂ ರಹೀಮಾಬಿ ಸೊಸೆಯನ್ನು ಅಪ್ಪಿಕೊಂಡು ಕೂತಳು. ಥಂಡಿ ಹತ್ತಬಾರದೆಂದು ಅದೇ ಜಮಖಾನವನ್ನು ಅವಳ ಮೈತುಂಬ ಹೊದಿಸಿದ್ದಳು. ಕಲಘಟಗಿ ಮುಟ್ಟುವ ಹೊತ್ತಿಗೆ ಹುಡುಗಿಯ ತುಟಿ ನೀಲಿಗಟ್ಟುತ್ತಿತ್ತು.

ಅಲ್ಲಿನ ಆಸ್ಪತ್ರೆಯ ಡಾಕ್ಟರ್ ಅಮೃತಾ ಚಟುವಟಿಕೆಯ ಹೆಂಗಸು. ಮೊದಲು ಹುಡುಗಿಯ ಮೂಗು-ಬಾಯಿಗೆ ಔಷಧಿಯ ಹಬೆ ಬರುವ ಮುಖವಾಡ ಹಾಕಿ, ಉಸಿರು ಒಂದು ಹದಕ್ಕೆ ಬಂದ ಮೇಲೆ ತಿರುಗಿ ಕೇಳಿದರು, "ಇವತ್ತ ಮನ್ಯಾಗ ಏನರ ಹೊಸಾದು ಬಂದಿತ್ತೇನ್ರಿ?"

ರಹೀಮಾಬಿಯೇ ತಲೆ ತಗ್ಗಿಸಿ ಹೇಳಿದಳು, "ನಾನ ಬಂದಿದ್ದೆ ನೋಡ್ರಿ ಡಾಕ್ಟರ್ ಬಾಯಾರ. ಮತ್ತೇನೂ ಬಂದಿಲ್ಲ. ನಾ ಇಕಿ ಅತ್ತಿ."

ಡಾಕ್ಟರು ನಗು ತಡೆದುಕೊಂಡರು. "ಅತ್ತಿ ಕಂಡರ ಆಗಲಾರದ ಸೊಸೀನ ಭಾಳ ನೋಡೇನ್ರಿ ಅಮ್ಮಾರ. ಆದರ ಅದಕ್ಕ ಎದಿ ಹಿಂಗ ಸುಯ್ ಅನ್ನೂದಿಲ್ಲ." ಅವರ ಕಣ್ಣು ಶಗುಫ್ತಾಳ ಮೈಮೇಲಿನ ಹೊದಿಕೆಯ ಕಡೆ ಹೋಯಿತು. ತುದಿ ಎತ್ತಿ ಮೂಸಿ, ಮುಖ ಕಿವುಚಿದರು. "ಇದರ ಹಿಂದಿನ ಕಡಿ ನೋಡೀರೇನ್ರಿ?"

"ಅದಕ್ಕ ಹಿಂದ ಮುಂದ ಇಲ್ರಿ. ಎರಡೂ ಕಡಿ ಒಂದ ಮುಖಾ," ಎಂದಳು ರಹೀಮಾಬಿ, ಅಭ್ಯಾಸ ಬಲದಿಂದ.

ಡಾಕ್ಟರು ಅದನ್ನು ತೆಗೆದು ವರಾಂಡಕ್ಕೆ ಒಯ್ದು ತಿರುವಿ ಹಿಡಿದರು. ಗೋಡೆಗೆ ಅಂಟಿಕೊಂಡಿದ್ದ ಕಡೆಯ ನವಿಲುಗಳ ಮೈಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ನಡುನಡುವೆ ಬೂದು ಬಣ್ಣದ ಬೂಷ್ಟು. ಕುತ್ತಿಗೆ ಯಾವುದು, ಬಾಲ ಯಾವುದು ತಿಳಿಯದು. ಎರಡೂ ಕಡೆ ಒಂದೇ ಮುಖ ಎಂದು ಇಷ್ಟು ವರ್ಷ ಮಂದಿಗೆ ಹೇಳಿಕೊಂಡು ಬಂದ ರಹೀಮಾಬಿ ಸೆರಗಿನ ತುದಿಯಿಂದ ಒಂದು ನವಿಲನ್ನು ಒರೆಸಿ ನೋಡಿದಳು.

"ಇದನ್ನ ಯಾವ ಗ್ವಾಡಿಗೆ ಹಾಕಿದ್ರಿ? ಅಲ್ಲಿ ಈಕಿ ಎಷ್ಟೊತ್ತ ಕೂಡತಿದ್ದಳು?" ಡಾಕ್ಟರು ಒಂದೊಂದಾಗಿ ಕೇಳುತ್ತ ಹೋದರು. ಟಾಕಿ, ಹಲಗೆ ಬಡಿದ ಕಿಟಕಿ, ಲೋಬಾನ, ಸೊಳ್ಳೆ ಬತ್ತಿ, ಎಲ್ಲ ಹೊರಬಿತ್ತು. "ಗ್ವಾಡಿ ಹಸಿ ಇದ್ದು, ಗಾಳಿ ಆಡಲಿಲ್ಲಂದ್ರ ಬೂಷ್ಟ ಬೆಳೀತದ. ಅದರ ಪುಡಿ ಕಣ್ಣಿಗೆ ಕಾಣೂದಿಲ್ಲ, ಉಸಿರಿನ ಜೋಡಿ ಒಳಗ ಹೋಗತದ. ಎಲ್ಲಾರಿಗೂ ತ್ರಾಸ ಕೊಡೂದಿಲ್ಲ, ಕೆಲವರ ಎದಿಗೆ ಭಾಳ ತ್ರಾಸ. ಅದರ ಮ್ಯಾಲೆ ನೀವ ಹೊಗಿ ಬ್ಯಾರೆ ಹಾಕೀರಿ."

"ಈ ಕಡೆ ನಮಗಿಂತ ಮಳಿ ಭಾಳ ಅಲ್ರೀ?" ಎಂದಳು ರಹೀಮಾಬಿ. ಸೋತರೂ ವಾದ ಬಿಡುವವಳಲ್ಲ.

"ಹೊರಗಿನ ಮಳಿ ಹೊರಗ ಹೋಗತದ್ರಿ. ನಿಮ್ಮ ಖೋಲ್ಯಾಗಿಂದು ಎಲ್ಲಿಗೆ ಹೋಗಬೇಕು?" ಡಾಕ್ಟರ ದನಿ ಈಗ ಗಟ್ಟಿಯಾಯಿತು. "ಉಸರ ಹತ್ತಿದಾಗ ಬಾಯಾಗ ಹೊಡಕೊಳ್ಳೂ ಈ ಪಂಪ್ ಕೊಡತೇನಿ, ಅಂಜಬ್ಯಾಡ್ರಿ, ಚಟ ಹತ್ತೂದಿಲ್ಲ. ಆದರ ಹಂಗ ಅದ ಖೋಲ್ಯಾಗ ಕೂಡಿಸಿದ್ರ ಈ ದಮ್ಮು ಜಲ್ಮಕ್ಕ ಅಂಟಿಕೊಳ್ಳತದ. ಗ್ವಾಡಿ ಒಣಗೂತನಕ ಆಕಿನ್ನ ಕರಕೊಂಡ ಹೋಗಬ್ಯಾಡ್ರಿ."

ರಹೀಮಾಬಿ ನವಲಗುಂದಕ್ಕೆ ಒಬ್ಬಳೇ ಬಂದಳು. ಬರುವಾಗ ಯಾವ ಕಂಡಕ್ಟರಿಗೂ ಏನೂ ಹೇಳಲಿಲ್ಲ. ಮನೆಗೆ ಬಂದವಳೇ ಮುಜಫರನ ಮೊಬೈಲಿನ ಬ್ಯಾಟರಿ ಬೆಳಕು ಹಚ್ಚಿಸಿ ಗೋಡೆ ನೋಡಿದಳು. ಜಮಖಾನ ಇದ್ದಷ್ಟು ಜಾಗ ಚೌಕಾಕಾರವಾಗಿ ಕಪ್ಪಗಿತ್ತು. ಬೆರಳು ಒತ್ತಿದರೆ ಗೋಡೆಗೆ ಮೆತ್ತಿದ ಗಿಲಾಯಿ ಹಸಿ ಹಿಟ್ಟಿನ ಹಾಗೆ ಒಳಗಿಳಿಯಿತು. ಆಕೆ ನಿಧಾನವಾಗಿ ಸೊಸೆಯ ಜಾಗದಲ್ಲಿ ಕೂತಳು. ಅತ್ತೆ ತೀರಿಹೋಗಿ ತಾನು ಬಾಗಿಲ ಕಡೆ ಸರಿದ ಮೇಲೆ ಆ ಜಾಗದಲ್ಲಿ ಆಕೆ ಕೂತೇ ಇರಲಿಲ್ಲ. ಮೂಗಿಗೆ ಆ ತಣ್ಣನೆಯ ವಾಸನೆ ಬಡಿಯಿತು, ಗಂಟಲು ಕೆರೆಯಿತು. ಆಗ ಹಳೆಯದೆಲ್ಲ ನೆನಪಾಯಿತು. ತಾನೂ ಇಲ್ಲಿ ಕೂತು ಕೆಮ್ಮಿದ್ದಳು. ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮಿದ್ದಳು, ಅತ್ತೆ ಮಗ್ಗದ ಕೆಮ್ಮು ಅಂದಿದ್ದಳು. ಬಾಗಿಲ ಕಡೆ ಬಂದ ಮೇಲೆ ಕೆಮ್ಮು ಹೋದದ್ದನ್ನು ಅತ್ತೆಯ ಆಶೀರ್ವಾದ ಎಂದುಕೊಂಡಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ತನ್ನ ಕಾಲ ಬಂದ ಕೂಡಲೇ ತನ್ನ ಕೆಮ್ಮನ್ನೇ ಮರೆತು ಕೂತಳಲ್ಲ ಎಂದು ರಹೀಮಾಬಿ ಮನಸಾರೆ ಅತ್ತಳು.

ಮರುದಿನ ಗೌಂಡಿ ರಮಜಾನ್ ಬಂದ. ಟಾಕಿ ಒಡೆದು, ಹಿತ್ತಲಲ್ಲಿ ಬೇರೆಯದು ಕಟ್ಟಿದ್ದಾಯಿತು. ಮಗ್ಗವನ್ನು ಅರ್ಧ ಜಮಖಾನದ ಸಮೇತ ಪಡಸಾಲೆಗೆ ಎತ್ತಿಟ್ಟದ್ದಾಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗೋಡೆಗೆ ನೀರು ಚಿಮುಕಿಸಿ, ಕೆಟ್ಟ ಗಿಲಾಯಿಯನ್ನೆಲ್ಲ ಕೆರೆದು ತೆಗೆದರು. ಮೇಲೆ ಎಣ್ಣೆಬಣ್ಣ ಬಳಿದರೆ ಕಾಣುವುದಿಲ್ಲ ಎಂದು ಮುಜಫರ್ ಅಂದದ್ದಕ್ಕೆ, "ಕಾಣಬಾರದಂತ ಮಾಡಿದ್ದಕ್ಕ ಇಷ್ಟೆಲ್ಲಾ ಆಗೇತಿ, ಸುಮ್ನಿರ ಲೇ," ಎಂದು ತಾಯಿ ಗದರಿದಳು. ಮಗ್ಗದ ಸಪ್ಪಳವಿಲ್ಲದೆ ಓಣಿಯವರಿಗೆ ಹೊತ್ತೇ ತಿಳಿಯದಾಯಿತು. ಮಲಿಕಸಾಬ ಕೇಳದೆಯೇ ಚಹಾ ಕಳಿಸಿದ, ಹಾಲು ಗಟ್ಟಿಯಿತ್ತು.

ಅತ್ತೆಯ ಜಮಖಾನವನ್ನು ಒಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದರು. ಎಷ್ಟು ಒಗೆದರೂ ಚುಕ್ಕೆ ಹೋಗಲಿಲ್ಲ, ವಾಸನೆಯೂ ಪೂರಾ ಹೋಗಲಿಲ್ಲ. ಒಳಗೆ ತರುವುದು ಬೇಡವೆಂದು ರಹೀಮಾಬಿಯೇ ಹೇಳಿದಳು.

ಉಳಿದದ್ದು ಕಿಟಕಿ. ರಮಜಾನ್ ಹಲಗೆಗೆ ಸಬ್ಬಲು ಕೊಟ್ಟದ್ದೇ ತಡ, ರಹೀಮಾಬಿ ಅಡ್ಡ ಬಂದು ನಿಂತಳು. "ಮ್ಯಾಲಿಂದೊಂದ ಹಲಗಿ ತಗಿ. ಕೆಳಗಿನವು ಇರ್ಲಿ."

"ಅಷ್ಟರಾಗ ಗುಬ್ಬಿ ಹೋಗತೈತ್ರಿ ಚಾಚಿ, ಗಾಳಿ ಹೋಗೂದಿಲ್ಲ."

"ಹಂಗಾರ ಪೂರಾ ತಗದು ದಪ್ಪನ್ನ ಪಡದಾ ಹಾಕೂಣು."

"ಮತ್ತ ಹಲಗಿ ಏನ ತಪ್ಪ ಮಾಡಿತ್ರಿ?" ಎಂದು ರಮಜಾನ್ ಸಬ್ಬಲು ಇಳಿಸಿ ನಿಂತ.

ರಹೀಮಾಬಿ ಹಲಗೆಯ ಸಂದಿನಿಂದ ಎದುರು ಮನೆ ನೋಡಿದಳು. ಕಟ್ಟೆಯ ಮೇಲೆ ಫಾತಿಮಾಬಿ ಕೂತು ಜೋಳ ಹಸನು ಮಾಡುತ್ತಿದ್ದಳು. ತೆರೆದರೆ ಮಗ್ಗ ಅವಳ ಕಣ್ಣಿಗೇ ನೇರ, ಕುತ್ತಿಗೆಯ ಒಂದೊಂದು ಎಳೆಯೂ ಕಾಣುತ್ತದೆ. ಅತ್ತೆ ಸಾಯುವಾಗ ಕೈ ಹಿಡಿದು ಹೇಳಿದ್ದಳು, ಕಿಟಕಿ ಜೋಪಾನ ಎಂದು. ಆದರೆ ಆಟೋದಲ್ಲಿ ಎದೆಗೊತ್ತಿಕೊಂಡಿದ್ದ ಹುಡುಗಿಯ ಸುಯ್ ಸುಯ್ ಇನ್ನೂ ಆಕೆಯ ಕಿವಿಯಲ್ಲಿತ್ತು. ನವಿಲು ಹೋದರೆ ಹೋಗಲಿ ಎನ್ನಿಸಿತು. "ಕೀಳ ಎಲ್ಲಾನೂ," ಎಂದು ಹಿಂದೆ ಸರಿದಳು.

ಗೋಡೆ ಒಣಗಿ, ಸುಣ್ಣ ಬಳಿದು, ಚಳಿ ಶುರುವಾಗುವ ಹೊತ್ತಿಗೆ ಶಗುಫ್ತಾ ಬಂದಳು. ಮುಜಫರ್ ಟಂಟಂ ತೊಳೆದು ಅದರಲ್ಲೇ ಕರೆತಂದ. ಅವಳು ಬಂದವಳೇ ಅಭ್ಯಾಸದಂತೆ ಗೋಡೆಯ ಕಡೆ ಹೋದಳು. ರಹೀಮಾಬಿ ಅವಳ ರಟ್ಟೆ ಹಿಡಿದು ಎಳೆದಳು. "ಅಲ್ಲಿ ಬ್ಯಾಡ. ಬಾಕಲಾ ಕಡೆ ಕುಂದರ. ನವಲ ನೀ ಎತ್ತಿಕೊಡು, ನಾ ನೋಡಿಕೊಂತ ನೇಯತೇನಿ."

"ಅದು ನಿಮ್ಮ ಜಾಗಾ ಅಲ್ಲಮ್ಮಾ?"

"ಇಷ್ಟ ದಿನಾ ಇತ್ತು. ಕುಂದರ ಬೇ, ಬಾಯಿ ಮಾಡಬ್ಯಾಡ."

ಶಗುಫ್ತಾ ಪಂಪನ್ನು ಕೈಗೆ ಸಿಗುವಲ್ಲಿ ಇಟ್ಟುಕೊಂಡು ಕೂತಳು. ಟಕ್ ಟಕ್ ಶುರುವಾಯಿತು. ಕಿಟಕಿಯಿಂದ ಬಿಸಿಲು ಮಗ್ಗದ ಮೇಲೆ ಬಿದ್ದಿತ್ತು, ನವಿಲಿನ ಹಸಿರು ಇಷ್ಟು ಹಸಿರೆಂದು ರಹೀಮಾಬಿಗೇ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಬಿಸಿಲಿಗೆ ನೆರಳು ಅಡ್ಡ ಬಂತು. ತಿರುಗಿ ನೋಡಿದರೆ ಕಿಟಕಿಯಲ್ಲಿ ಫಾತಿಮಾಬಿ. ರಹೀಮಾಬಿ ಥಟ್ಟನೆ ಮೈ ಸೆಟೆದು ಕೂತಳು. ನಾಲಿಗೆಯ ತುದಿಗೆ ಮಾತು ಬಂದೇಬಿಟ್ಟಿತ್ತು.

"ಹುಡುಗಿ ಇನ್ನೂ ಬಂದಿಲ್ಲೇನ ರಹೀಮಾ?" ಎಂದಳು ಫಾತಿಮಾಬಿ. ಕೈಯನ್ನು ಕಣ್ಣಿಗೆ ಮರೆ ಮಾಡಿಕೊಂಡು ಒಳಗಿನ ನೆರಳನ್ನು ನೋಡುತ್ತಿದ್ದಳು. "ಮಗ್ಗದ ಸಪ್ಪಳಾ ಕೇಳತೈತಿ, ಕೆಮ್ಮು ಕೇಳವಲ್ದು."

"ಇಲ್ಲೇ ಇದ್ದೇನ್ರಿ ದೊಡ್ಡಮ್ಮಾ. ಕೆಮ್ಮು ಕಡಿಮಿ ಆಗೇತಿ," ಎಂದು ಶಗುಫ್ತಾ ನಕ್ಕಳು.

"ಚೊಲೊ ಆತು, ಅಲ್ಲಾ ದೊಡ್ಡಾಂವ." ಮುದುಕಿ ಕಿಟಕಿಯ ಸರಳು ಹಿಡಿದುಕೊಂಡಳು. "ನಿಮ್ಮ ಹಲಗಿ ಹಿಂದಿನ ನವಲ ನನಗ ಒಂದ ದಿನಾನೂ ಕಾಣಲಿಲ್ಲ. ಕೆಮ್ಮು ಮಾತ್ರ ಕೇಳತಿತ್ತು. ರಹೀಮಾ, ನಿಂದೂ ಕೇಳೇನಿ, ಈಕಿದೂ ಕೇಳೇನಿ. ನಿಮಗಿಂತ ಮೊದಲ ಆ ಗ್ವಾಡಿ ಬಾಜೂ ಕುಂತು ಕೆಮ್ಮಿದಾಕಿ ನಾನು. ಬಚ್ಚಲಾ ಆವಾಗೂ ಅಲ್ಲೇ ಇತ್ತು. ಮಗ್ಗದ ಕೆಮ್ಮು ಅಂದಳು ಅತ್ತಿ. ನಾ ಉಸರಿಗಾಗಿ ಬ್ಯಾರೆ ಆದೆ, ನವಲಿಗಾಗಿ ಅಲ್ಲ. ಕುತ್ತಿಗಿ ನೇಯೂದು ನನಗ ಆವಾಗನ ಬರತಿತ್ತು."

ರಹೀಮಾಬಿ ಪಂಜಾ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದಳು. "ಮತ್ತ ನನಗ ಯಾಕ ಹೇಳಲಿಲ್ಲ ಭಾಭಿ?"

"ಎಲ್ಲಿಂದ ಹೇಳಲಿ? ಕಿಡಕಿ ಎಲ್ಲಿತ್ತು?"

ರಹೀಮಾಬಿ ಎದ್ದು ಹೋಗಿ ಬಾಗಿಲು ತೆರೆದು, ಫಾತಿಮಾಬಿಯನ್ನು ಕೈಹಿಡಿದು ಒಳಗೆ ಕರೆತಂದಳು. ಖೋಲಿಯ ಹೊಸಿಲಿಗೆ ಬಂದು ಮುದುಕಿ ನಿಂತುಬಿಟ್ಟಳು. ಬಿಳಿ ಸುಣ್ಣದ ಗೋಡೆಯನ್ನೂ ಅದರ ಮಗ್ಗುಲಿನ ಜಾಗವನ್ನೂ ನೋಡಿದಳು, ಕಾಲು ಮುಂದೆ ಬರಲಿಲ್ಲ. ರಹೀಮಾಬಿ ಹೋಗಿ ಗೋಡೆಗೆ ಒತ್ತಿಕೊಂಡು ಕೂತಳು. ಆಮೇಲೆ ಬಾಗಿಲ ಕಡೆ, ಶಗುಫ್ತಾಳ ಆಚೆ ಬದಿಗೆ ಕೈ ತೋರಿಸಿ, "ನೀ ಅಲ್ಲಿ ಕುಂದರ ಭಾಭಿ, ಚಾ ತರಸತೇನಿ," ಎಂದಳು.